ಟೇಬಲ್‌ಟಾಪ್ ನಿಯಮಗಳು ವಿಡಿಯೊ ಗೇಮ್‌ಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಆಡುವ ರೋಲ್ ಪ್ಲೇಯಿಂಗ್ ಆಟವೊಂದನ್ನು ಆಧರಿಸಿ ವಿಡಿಯೊ ಗೇಮ್ ಬಂದಾಗಲೆಲ್ಲ, ಅದು ಪುಸ್ತಕದ ನಿಯಮವನ್ನು ಎಷ್ಟರಮಟ್ಟಿಗೆ ಪಾಲಿಸಿದೆ ಎಂಬ ಜಗಳ ಬೆನ್ನಿಗೇ ಬರುತ್ತದೆ. ಎರಡೂ ಬಗೆಯ ಆಟಗಳನ್ನು ಬಹಳ ಕಾಲದಿಂದ ಆಡುತ್ತ, ಆಗಾಗ ಮೇಜಿನ ಆಟವನ್ನು ನಡೆಸುತ್ತಲೂ ಬಂದಿರುವುದರಿಂದ ಈ ಜಗಳದ ಎರಡೂ ಪಕ್ಷಗಳಲ್ಲಿ ನಾನು ನಿಂತದ್ದುಂಟು. ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ನನಗೆ ಸರಿ ಎನಿಸಿದ ಉತ್ತರಗಳು ಇಲ್ಲಿವೆ.

ನಿಯಮಗಳಿಗೆ ನಿಷ್ಠವಾಗಿರುವುದು ಎಂದರೆ ಇಲ್ಲಿ ಏನರ್ಥ?

ಈ ಮಾತನ್ನು ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಸುತ್ತಾರೆ, ಮತ್ತು ಬಹುಪಾಲು ಜಗಳ ಹುಟ್ಟುವುದು ಅಲ್ಲಿಯೇ. ಒಂದು, ಲೆಕ್ಕ: ಯಾವ ದಾಳ ಉರುಳಿಸಬೇಕು, ಅದಕ್ಕೆ ಎಷ್ಟು ಕೂಡಿಸಬೇಕು, ಎಷ್ಟು ಬಂದರೆ ಗೆಲುವು ಎಂಬುದು. ಇನ್ನೊಂದು, ಆ ಲೆಕ್ಕ ಆಟಗಾರನ ಮುಂದೆ ಇಡುವ ಆಯ್ಕೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದಲ್ಲಿ ಮೈತುಂಬ ಲೋಹದ ಕವಚ ತೊಟ್ಟವನಿಗೆ ಏಟು ಬೀಳುವುದು ಕಡಿಮೆ, ಆದರೆ ಸದ್ದಿಲ್ಲದೆ ನುಸುಳುವುದು ಅವನಿಗೆ ಕಷ್ಟ. ಆ ಕವಚದ ರಕ್ಷಣಾ ಅಂಕ 18 ಇರಲಿ, 17 ಇರಲಿ, ಆಟ ಕೆಡುವುದಿಲ್ಲ; ಸದ್ದಿನ ತೊಡಕನ್ನು ತೆಗೆದುಬಿಟ್ಟರೆ ಮಾತ್ರ ಯೋಚಿಸಿ ಆರಿಸಬೇಕಾದ ಪ್ರಸಂಗವೇ ಇಲ್ಲವಾಗುತ್ತದೆ. ನಾನು ಮುಂದೆ ನಿಷ್ಠೆ ಎಂದಾಗಲೆಲ್ಲ ಈ ಎರಡನೆಯ ಅರ್ಥವನ್ನೇ ಮುಖ್ಯವಾಗಿ ಹಿಡಿದಿದ್ದೇನೆ.

ಲೆಕ್ಕದಲ್ಲಿ ಕಂಪ್ಯೂಟರ್ ಮನುಷ್ಯನಿಗಿಂತ ಎಷ್ಟೋ ಚುರುಕು. ಹಾಗಿರುವಾಗ ಪುಸ್ತಕವನ್ನು ಅಕ್ಷರಶಃ ಪಾಲಿಸಲು ಅಡ್ಡಿ ಏನು?

ಪುಸ್ತಕದಲ್ಲಿ ಅಚ್ಚಾಗಿರುವುದು ಅರ್ಧ ನಿಯಮ ಮಾತ್ರ ಎಂಬುದೇ ಅಡ್ಡಿ. ಉಳಿದರ್ಧ ಮೇಜಿನ ತುದಿಯಲ್ಲಿ ಕುಳಿತು ಆಟ ನಡೆಸುವ ಗೇಮ್ ಮಾಸ್ಟರ್‌ನ ತಲೆಯಲ್ಲಿರುತ್ತದೆ. ನಿಯಮಗಳನ್ನು ಬರೆದವರು ಅಂಥ ಒಬ್ಬ ಮನುಷ್ಯ ಅಲ್ಲಿದ್ದೇ ಇರುತ್ತಾನೆಂದು ನಂಬಿ ಬರೆದಿದ್ದಾರೆ. ಎಲ್ಲಿ ನಿಯಮ ಒರಟಾಗಿದೆಯೋ ಅಲ್ಲಿ ಅವನು ಅದನ್ನು ಸವರಿ ನಯ ಮಾಡುತ್ತಾನೆ ಎಂಬ ಭರವಸೆ ಅವರಿಗಿತ್ತು.

ಇದಕ್ಕೆ ಪಾಥ್‌ಫೈಂಡರ್: ಕಿಂಗ್‌ಮೇಕರ್ (2018) ಆಟದ ಜೇಡರ ಗುಂಪಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಟ ಶುರುವಾಗಿ ಕೆಲವೇ ಗಂಟೆಗಳಲ್ಲಿ ಒಂದು ಸಣ್ಣ ಗುಹೆ ಸಿಗುತ್ತದೆ, ಅದರೊಳಗೆ ಪುಟ್ಟ ಜೇಡಗಳ ಹಿಂಡು. ಇದರ ಮೂಲವಾದ ಪಾಥ್‌ಫೈಂಡರ್ ಎಂಬ ಮೇಜಿನ ಆಟದ ಮೊದಲ ಆವೃತ್ತಿಯಲ್ಲಿ ಅಷ್ಟು ಸಣ್ಣ ಜೀವಿಗಳ ಹಿಂಡಿಗೆ ಕತ್ತಿ, ಬಾಣ, ಗದೆ ಯಾವುದೂ ತಾಗುವುದಿಲ್ಲ. ಬೆಂಕಿಯಂಥ ಹರಡಿಕೊಳ್ಳುವ ದಾಳಿ ಬೇಕು. ಆಟ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತು. ಪರಿಣಾಮವಾಗಿ ಪುಸ್ತಕ ಓದಿರದ ಆಟಗಾರರು ತಮ್ಮ ಯೋಧ ಕತ್ತಿ ಬೀಸಿದಷ್ಟೂ ಏನೂ ಆಗದೆ, ಕಾರಣವೂ ತಿಳಿಯದೆ, ಇಡೀ ತಂಡ ಸಾಯುವುದನ್ನು ನೋಡಿದರು. ಇದೇ ಹಿಂಡು ಮೇಜಿನ ಮೇಲೆ ಬಂದಿದ್ದರೆ ಎರಡನೇ ಏಟಿಗೇ ಗೇಮ್ ಮಾಸ್ಟರ್ "ನಿಮ್ಮ ಕತ್ತಿ ನೀರಿನಲ್ಲಿ ಬೀಸಿದ ಹಾಗೆ ಹಾದುಹೋಯಿತು, ಆದರೆ ಪಂಜಿನ ಹತ್ತಿರ ಬಂದ ಜೇಡಗಳು ಹಿಂದೆ ಸರಿದವು" ಎಂದು ಹೇಳಿ ಸುಮ್ಮನಾಗುತ್ತಿದ್ದ. ಆ ಒಂದು ವಾಕ್ಯ ಯಾವ ನಿಯಮಪುಸ್ತಕದಲ್ಲಿಯೂ ಇಲ್ಲ, ಆದರೆ ಅದಿಲ್ಲದೆ ಹಿಂಡಿನ ನಿಯಮ ಪೂರ್ಣವಲ್ಲ. ಪುಸ್ತಕದ ಅರ್ಧವನ್ನು ತಂದು ಆ ಮನುಷ್ಯನ ಅರ್ಧವನ್ನು ಬಿಟ್ಟ ಆಟವನ್ನು ನಿಷ್ಠ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಅಕ್ಷರಶಃ ಪಾಲಿಸಿ ಗೆದ್ದ ಆಟಗಳೇ ಇಲ್ಲವೇ?

ಇವೆ, ಮತ್ತು ಅವು ನನಗೆ ಅಚ್ಚುಮೆಚ್ಚು. 1988ರ ಪೂಲ್ ಆಫ್ ರೇಡಿಯನ್ಸ್ ಆಗಿನ ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಯುದ್ಧ ನಿಯಮಗಳನ್ನು ಆ ಕಾಲದ ಯಂತ್ರಗಳಿಗೆ ಸಾಧ್ಯವಿದ್ದಷ್ಟು ಹತ್ತಿರದಿಂದ ಅನುಸರಿಸಿತು. ಕಥೆಯ ಭಾಗಗಳಿಗೆ ಜಾಗ ಸಾಲದೆ, ಪೆಟ್ಟಿಗೆಯಲ್ಲಿದ್ದ ಅಚ್ಚಿನ ಕೈಪಿಡಿಯ ಇಂತಿಂಥ ಟಿಪ್ಪಣಿಯನ್ನು ಓದಿಕೊಳ್ಳಿ ಎಂದು ಪರದೆಯ ಮೇಲೆ ಸೂಚಿಸುತ್ತಿತ್ತು. 2003ರ ದ ಟೆಂಪಲ್ ಆಫ್ ಎಲಿಮೆಂಟಲ್ ಈವಿಲ್, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3.5ನೇ ಆವೃತ್ತಿಯ ಯುದ್ಧವನ್ನು ಸರದಿ ಪ್ರಕಾರ, ಸಣ್ಣಪುಟ್ಟ ಆಯ್ಕೆಗಳನ್ನೂ ಬಿಡದೆ ತಂದಿತು. ಅದರ ಕಥೆ ಪೇಲವ, ದೋಷಗಳು ಹಲವು. ಆದರೂ ಆ ಯುದ್ಧಕ್ಕಾಗಿಯೇ ಅದನ್ನು ಇಂದಿಗೂ ಆಡುವವರಿದ್ದಾರೆ.

2021ರ ಸೊಲಾಸ್ಟಾ ಇನ್ನೂ ಕಟ್ಟುನಿಟ್ಟು. ಮಂತ್ರ ಹಾಕಲು ಒಂದು ಕೈ ಬಿಡುವಾಗಿರಬೇಕು ಎಂಬ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ನಿಯಮ, ಅನೇಕ ಮೇಜುಗಳಲ್ಲಿ ಯಾರಿಗೂ ನೆನಪೇ ಇರದ ನಿಯಮ, ಅಲ್ಲಿ ಜಾರಿಯಲ್ಲಿದೆ. ಒಂದು ಕೈಯಲ್ಲಿ ಆಯುಧ, ಇನ್ನೊಂದರಲ್ಲಿ ಪಂಜು ಹಿಡಿದ ಮಾಂತ್ರಿಕ ಕತ್ತಲೆಯಲ್ಲಿ ಮಂತ್ರ ಹಾಕಬೇಕೆಂದರೆ ಯಾವುದನ್ನು ಬಿಡುವುದೆಂದು ನಿರ್ಧರಿಸಬೇಕು. ಬೆಳಕು, ಎತ್ತರ, ಕೈಯಲ್ಲಿರುವ ವಸ್ತು ಎಲ್ಲವೂ ಲೆಕ್ಕಕ್ಕೆ ಬರುವ ಆಟದಲ್ಲಿ ಇದು ಬೇಸರದ ನಿಯಮವಾಗದೆ ರೋಚಕವಾಗುತ್ತದೆ. ಬೇಡವೆನ್ನುವವರು ಅದನ್ನು ಸೆಟ್ಟಿಂಗ್ಸ್‌ನಲ್ಲಿ ಸಡಿಲಿಸಿಕೊಳ್ಳಬಹುದು ಎಂಬುದು ಇನ್ನೂ ಒಳ್ಳೆಯ ವಿಷಯ.

ಬಾಲ್ಡರ್ಸ್ ಗೇಟ್ 3 ಐದನೇ ಆವೃತ್ತಿಗೆ ಎಷ್ಟು ನಿಷ್ಠವಾಗಿದೆ?

ಮೊದಲ ನೋಟಕ್ಕೆ ಬಹಳ. ಲೆಕ್ಕಕ್ಕೆ ಇಳಿದರೆ ಅಷ್ಟಿಲ್ಲ. 2023ರ ಈ ಆಟದಲ್ಲಿ ಮಾಡಿದ ಬದಲಾವಣೆಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನು ಗಮನಿಸಬೇಕು.

ಕೆಲವು ಆಟದ ಓಟಕ್ಕಾಗಿ ಮಾಡಿದವು. ಪುಸ್ತಕದಲ್ಲಿ ಔಷಧದ ಶೀಸೆ ಕುಡಿಯುವುದಕ್ಕೆ ಇಡೀ ಆಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸವೇ, ಖರ್ಚಾಗುತ್ತಿತ್ತು. ಇಲ್ಲಿ ಅದರ ಜೊತೆಗೇ ಮಾಡಬಹುದಾದ ಚಿಕ್ಕ ಕೆಲಸ, ಅಂದರೆ ಬೋನಸ್ ಆಕ್ಷನ್, ಸಾಕು. ಯಾರನ್ನಾದರೂ ತಳ್ಳುವುದೂ ಹಾಗೆಯೇ. ಈ ಆಟದ ಯುದ್ಧಭೂಮಿಗಳಲ್ಲಿ ಬಂಡೆಯಂಚು, ಕಮರಿ, ಮಾಳಿಗೆ ಧಾರಾಳವಾಗಿರುವುದರಿಂದ ತಳ್ಳುವುದು ಅಗ್ಗವಾದದ್ದೇ ಆಟಕ್ಕೆ ಮಜಾ ತಂದಿತು, ಮತ್ತು ಎದುರಾಳಿಗಳೂ ನಮ್ಮನ್ನು ಅಷ್ಟೇ ಅಗ್ಗವಾಗಿ ತಳ್ಳುತ್ತಾರೆ. ಇದಕ್ಕೆ ನನ್ನ ತಕರಾರಿಲ್ಲ.

ಕೆಲವು ಮಾತ್ರ ಆಯ್ಕೆಗಳ ಬೆಲೆಯನ್ನೇ ಏರುಪೇರು ಮಾಡಿವೆ. ಯಾರು ಮೊದಲು ಆಡಬೇಕು ಎಂಬುದನ್ನು ತೀರ್ಮಾನಿಸಲು ಪುಸ್ತಕ ಇಪ್ಪತ್ತು ಮುಖದ ದಾಳ ಉರುಳಿಸಿ ಚುರುಕುತನದ ಅಂಕ ಕೂಡಿಸು ಎನ್ನುತ್ತದೆ. ಈ ಆಟ ನಾಲ್ಕು ಮುಖದ ದಾಳ ಉರುಳಿಸುತ್ತದೆ. ಮೇಲುನೋಟಕ್ಕೆ ಸಣ್ಣ ಸಂಗತಿ. ಆದರೆ +3 ಇರುವವನು ಏನೂ ಇಲ್ಲದವನನ್ನು ಹಿಂದಿಕ್ಕುವ ಸಾಧ್ಯತೆ ಪುಸ್ತಕದ ಪ್ರಕಾರ ಶೇ 62ರ ಹತ್ತಿರ. ನಾಲ್ಕು ಮುಖದ ದಾಳದಲ್ಲಿ ಅದು 16ಕ್ಕೆ 15, ಅಂದರೆ ಶೇ 94ರ ಹತ್ತಿರ. ಅದೃಷ್ಟದ ಮೇಲಿದ್ದ ಸಂಗತಿ ಹೆಚ್ಚುಕಡಿಮೆ ಖಾತರಿಯಾಯಿತು, ಚುರುಕುತನದ ಬೆಲೆ ಸದ್ದಿಲ್ಲದೆ ಏರಿತು. ವೇಗ ಹೆಚ್ಚಿಸುವ ಹೇಸ್ಟ್ ಮಂತ್ರದ್ದೂ ಇದೇ ಕಥೆ: ಪುಸ್ತಕದಲ್ಲಿ ಅದು ಕೊಡುವ ಹೆಚ್ಚುವರಿ ಆಕ್ಷನ್‌ನಲ್ಲಿ ಒಂದೇ ಏಟು ಹೊಡೆಯಬಹುದು, ಆದ್ದರಿಂದ ಐದನೇ ಲೆವೆಲ್‌ನ ಯೋಧನಿಗೆ ತನ್ನ ಎರಡರ ಜೊತೆ ಒಟ್ಟು ಮೂರು ಏಟು, ಈ ಆಟದ ಸಾಮಾನ್ಯ ಹಂತದಲ್ಲಿ ನಾಲ್ಕು, ಹನ್ನೊಂದನೇ ಲೆವೆಲ್‌ನಲ್ಲಿ ನಾಲ್ಕರ ಬದಲು ಆರು. ಅದೇ ವರ್ಷದ ಕೊನೆಗೆ ಸೇರಿಸಿದ ಆನರ್ ಮೋಡ್ ಎಂಬ ಅತಿ ಕಷ್ಟದ ಹಂತದಲ್ಲಿ ತಯಾರಕರೇ ಇದಕ್ಕೆ ಕಡಿವಾಣ ಹಾಕಿದರು.

ಮೂರನೆಯ ಬಗೆಯದು ನನಗೆ ನುಂಗಲಾರದ ತುತ್ತು. ಪುಸ್ತಕದಲ್ಲಿ, ದಾಳದಲ್ಲಿ 1 ಬಿದ್ದರೆ ಸೋಲು ಖಚಿತ ಎಂಬ ಕಟ್ಟಳೆ ಹೊಡೆತಕ್ಕೆ ಮಾತ್ರ. ಬೀಗ ಬಿಚ್ಚುವುದಕ್ಕೆ, ಮಾತಿನಲ್ಲಿ ಒಲಿಸುವುದಕ್ಕೆ ಅಲ್ಲ. +9 ಇರುವ ಕಳ್ಳನಿಗೆ, ತೆರೆಯಲು 10 ಬೇಕಾದ ಬೀಗದಲ್ಲಿ 1 ಬಿದ್ದರೂ ಕೂಡಿದರೆ 10 ಆಗುತ್ತದೆ, ಬೀಗ ತೆರೆಯುತ್ತದೆ. ಬಾಲ್ಡರ್ಸ್ ಗೇಟ್ 3ರಲ್ಲಿ ಅದೇ ಬೀಗ ಅದೇ ಕಳ್ಳನಿಗೆ ಇಪ್ಪತ್ತರಲ್ಲಿ ಒಂದು ಸಲ ಕೈಕೊಡುತ್ತದೆ. ಆಟವಿಡೀ ಬೀಗಗಳಿಗಾಗಿಯೇ ಬೆಳೆಸಿದ ಪಾತ್ರ ಸಾದಾ ಪೆಟ್ಟಿಗೆಯ ಮುಂದೆ ಪೆಚ್ಚಾಗಿ ನಿಂತಾಗ, ಲೆವೆಲ್ ಏರಿದಂತೆ ಪರಿಣತಿ ನಂಬಿಕೆಗೆ ಅರ್ಹವಾಗುತ್ತದೆ ಎಂದು ಪುಸ್ತಕ ಕೊಟ್ಟ ಮಾತನ್ನು ಆಟ ಮುರಿದಂತಾಗುತ್ತದೆ. 20 ಬಿದ್ದು ಗೆಲುವು ಖಚಿತವಾದಾಗ ಏಳುವ ಕೇಕೆಗಾಗಿ ಹೀಗೆ ಮಾಡಿದ್ದಾರೆಂದು ತೋರುತ್ತದೆ. ಆ ಕೇಕೆಯನ್ನು ನಾನೂ ಹಾಕಿದ್ದೇನೆ, ಸುಳ್ಳು ಹೇಳಲಾರೆ.

ಸರದಿ ಆಟವೋ, ನಿಲ್ಲಿಸಿ ನಿಲ್ಲಿಸಿ ಆಡುವ ರಿಯಲ್ ಟೈಮ್ ಆಟವೋ?

1998ರ ಮೊದಲ ಬಾಲ್ಡರ್ಸ್ ಗೇಟ್, ಎರಡನೇ ಆವೃತ್ತಿಯ ನಿಯಮಗಳನ್ನು ರಿಯಲ್ ಟೈಮ್‌ಗೆ, ಅಂದರೆ ಸರದಿಯಿಲ್ಲದೆ ಎಲ್ಲರೂ ಏಕಕಾಲಕ್ಕೆ ಆಡುವ ಕ್ರಮಕ್ಕೆ, ಅಳವಡಿಸಿ, ಬೇಕೆಂದಾಗ ಆಟವನ್ನು ನಿಲ್ಲಿಸಿ ಆಜ್ಞೆ ಕೊಡುವ ಕ್ರಮವನ್ನು ಜನಪ್ರಿಯಗೊಳಿಸಿತು. ಪುಸ್ತಕದಲ್ಲಿ ಆಗ ಒಂದು ಸುತ್ತು ಎಂದರೆ ಒಂದು ನಿಮಿಷ. ಆಟ ಅದನ್ನು ಆರು ಸೆಕೆಂಡಿಗೆ ಇಳಿಸಿತು. ಕುತೂಹಲದ ಸಂಗತಿಯೆಂದರೆ 2000ದಲ್ಲಿ ಬಂದ ಮೂರನೇ ಆವೃತ್ತಿಯ ಪುಸ್ತಕದಲ್ಲಿಯೂ ಸುತ್ತು ಆರು ಸೆಕೆಂಡಿನದೇ ಆಗಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ಎರಡನೇ ಆವೃತ್ತಿಯ ಸರಳ ಯುದ್ಧ ರಿಯಲ್ ಟೈಮ್‌ಗೆ ಒಗ್ಗಿತು, ಮೂರನೆಯದರಿಂದ ಮುಂದಿನವು ಒಗ್ಗಲಿಲ್ಲ. ಎದುರಾಳಿಯ ಪಕ್ಕದಿಂದ ಸರಿದು ಹೋದರೆ ಅವನಿಗೆ ಬಿಟ್ಟಿ ಏಟು ಸಿಗುತ್ತದೆ ಎಂಬಂಥ, ಒಂದೊಂದು ಹೆಜ್ಜೆಯನ್ನೂ ಎಣಿಸಿ ಇಡಬೇಕಾದ ನಿಯಮಗಳು ಎಲ್ಲರೂ ಏಕಕಾಲಕ್ಕೆ ಓಡಾಡುವ ಗದ್ದಲದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಕಿಂಗ್‌ಮೇಕರ್‌ಗೆ 2020ರಲ್ಲಿ ಸರದಿ ಕ್ರಮವನ್ನು ಅಧಿಕೃತವಾಗಿ ಸೇರಿಸಿದಾಗ, ಅದೇ ನಿಯಮಗಳು ಮೊದಲ ಬಾರಿ ಅರ್ಥವಾದಂತೆ ನನಗೆ ಅನಿಸಿತು. ಆದರೆ ಪುಡಿ ಶತ್ರುಗಳ ನೂರಾರು ಕಾದಾಟಗಳನ್ನು ಸರದಿಯಲ್ಲಿ ಆಡುವುದು ಶಿಕ್ಷೆ. ಸರದಿ ಕ್ರಮ ಆರಿಸಿದವರು ಕಾದಾಟಗಳ ಸಂಖ್ಯೆಯನ್ನೂ ಮೇಜಿನ ಆಟದಂತೆ ಕಡಿಮೆ ಮಾಡಬೇಕು.

ಶೇ 75ರ ಹೊಡೆತ ಮೂರು ಸಲ ತಪ್ಪಿತು. ಕಂಪ್ಯೂಟರ್ ದಾಳದಲ್ಲಿ ಮೋಸವಿದೆಯೇ?

ಸಾಮಾನ್ಯವಾಗಿ ಇಲ್ಲ. ಶೇ 75ರ ಹೊಡೆತ ಸತತ ಮೂರು ಬಾರಿ ತಪ್ಪುವ ಸಾಧ್ಯತೆ 64ಕ್ಕೆ ಒಂದು. ಮೇಜಿನಲ್ಲಿ ಒಬ್ಬ ಆಟಗಾರ ಒಂದು ಸಂಜೆ ಇಪ್ಪತ್ತು ಮೂವತ್ತು ಸಲ ದಾಳ ಉರುಳಿಸಿದರೆ ಹೆಚ್ಚು. ಪರದೆಯ ಮೇಲೆ ಅಷ್ಟೇ ಹೊತ್ತಿನಲ್ಲಿ ಅದು ಹಲವು ಪಟ್ಟು ಆಗುತ್ತದೆ. ಅಪರೂಪದ ದುರದೃಷ್ಟ ಪದೇ ಪದೇ ಕಾಣಿಸಿಕೊಳ್ಳುವುದು ಇದರಿಂದಲೇ. ಜೊತೆಗೆ, ಕೈಯಾರೆ ಎಸೆದ ದಾಳ ಕೈಕೊಟ್ಟರೆ ನಾವು ದಾಳವನ್ನು ಬೈಯುತ್ತೇವೆ, ಪಕ್ಕದವರು ನಗುತ್ತಾರೆ, ಬೇಸರ ಹಂಚಿಹೋಗುತ್ತದೆ; ಒಬ್ಬರೇ ಕುಳಿತಾಗ ಬೈಗುಳಕ್ಕೆ ಸಿಗುವುದು ಪ್ರೋಗ್ರಾಂ ಮಾತ್ರ.

ಇದಕ್ಕೆ ಕೆಲವು ಆಟಗಳು ಕಂಡುಕೊಂಡ ಮದ್ದು ದಾಳವನ್ನೇ ತುಸು ಬಾಗಿಸುವುದು. ಬಾಲ್ಡರ್ಸ್ ಗೇಟ್ 3ರ ಕಾರ್ಮಿಕ್ ಡೈಸ್ ಸೋಲು ಗೆಲುವುಗಳ ದೀರ್ಘ ಸರಣಿಯನ್ನು ಮುರಿಯುತ್ತದೆ. ಆಟ ಹಾಕಿದಾಗಲೇ ಅದು ಚಾಲ್ತಿಯಲ್ಲಿರುತ್ತದೆ, ಬೇಡವಾದರೆ ನಿಲ್ಲಿಸಬಹುದು. ಟೇಬಲ್‌ಟಾಪ್ ವಂಶದ್ದಲ್ಲದಿದ್ದರೂ ಫೈರ್ ಎಂಬ್ಲೆಮ್ ಸರಣಿ ಇಲ್ಲಿ ಉಲ್ಲೇಖನೀಯ: 2002ರ ಆಟದಿಂದ ಅದು ಒಂದರ ಬದಲು ಎರಡು ಸಂಖ್ಯೆಗಳ ಸರಾಸರಿಯನ್ನು ನೋಡಿ ಹೊಡೆತದ ಫಲ ನಿರ್ಧರಿಸತೊಡಗಿತು, ಹೀಗಾಗಿ ಪರದೆಯ ಮೇಲೆ 75 ಎಂದು ಕಂಡದ್ದು ನಿಜಕ್ಕೂ ಅದಕ್ಕಿಂತ ಹೆಚ್ಚು. ಮನಸ್ಸಿಗೆ ಇದು ನ್ಯಾಯವೆನಿಸುತ್ತದೆ, ಆದರೆ ಬರೆದ ಸಂಖ್ಯೆ ಸುಳ್ಳು. ಮೇಜಿನಲ್ಲಿ ಆಟಗಾರರಿಗೆ ಕಾಣದಂತೆ ಅಡ್ಡ ಇಟ್ಟ ರಟ್ಟಿನ ಹಿಂದೆ ದಾಳ ತಿರುಗಿಸಿಟ್ಟ ಗೇಮ್ ಮಾಸ್ಟರ್‌ಗಳಲ್ಲಿ ನಾನೂ ಒಬ್ಬ, ಹಾಗಾಗಿ ಈ ವಿಷಯದಲ್ಲಿ ಸಾಧುವಿನಂತೆ ಮಾತಾಡಲು ನನಗೆ ಬಾಯಿಲ್ಲ. ಆದರೂ ಯಂತ್ರದಿಂದ ಒಂದನ್ನು ನಿರೀಕ್ಷಿಸುತ್ತೇನೆ: ದಾಳವನ್ನು ಬಾಗಿಸಿದ್ದರೆ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಬರೆದಿಡಬೇಕು, ಅದನ್ನು ನಿಲ್ಲಿಸಲು ಒಂದು ಗುಂಡಿಯನ್ನೂ ಕೊಡಬೇಕು.

ಸೋತ ಕೂಡಲೇ ಹಳೆಯ ಸೇವ್‌ಗೆ ಮರಳಬಹುದಾದರೆ ದಾಳಕ್ಕೆ ಅರ್ಥವೇನು?

ಅರ್ಥ ಉಳಿಯುವುದು ಸೋಲಿಗೂ ಒಂದು ಕಥೆ ಇದ್ದಾಗ. 2019ರ ಡಿಸ್ಕೊ ಎಲಿಸಿಯಂ ಎರಡು ಆರು ಮುಖದ ದಾಳಗಳ ಮೇಲೆ ನಿಂತ ಆಟ. ಅಲ್ಲಿ ಕೆಲವು ಪರೀಕ್ಷೆಗಳನ್ನು ಕೌಶಲ ಹೆಚ್ಚಿಸಿಕೊಂಡು ಮತ್ತೆ ಎದುರಿಸಬಹುದು, ಕೆಲವಕ್ಕೆ ಒಂದೇ ಅವಕಾಶ. ಸೋತಾಗ ಬರುವ ದೃಶ್ಯಗಳು ಎಷ್ಟೋ ಸಲ ಗೆದ್ದಾಗ ಬರುವುದಕ್ಕಿಂತ ಸ್ವಾರಸ್ಯಕರವಾದ್ದರಿಂದ ಸೇವ್ ಫೈಲಿನತ್ತ ಕೈ ಹೋಗುವುದಿಲ್ಲ. ಸೋತರೆ ಬಾಗಿಲು ಮುಚ್ಚಿತು, ಅಷ್ಟೇ, ಎನ್ನುವ ಆಟದಲ್ಲಿ ಆಟಗಾರರು ಹಿಂದಕ್ಕೆ ಮರಳಿದರೆ ಅವರನ್ನು ದೂರಬಾರದು.

ವಿಶ್ರಾಂತಿಯ ನಿಯಮಗಳನ್ನು ಏಕೆ ಎಲ್ಲರೂ ಬದಲಿಸುತ್ತಾರೆ?

ಮೇಜಿನಲ್ಲಿ ಸಮಯಕ್ಕೆ ಬೆಲೆಯಿದೆ, ಪರದೆಯ ಮೇಲೆ ಅದನ್ನು ಕೃತಕವಾಗಿ ಹುಟ್ಟಿಸಬೇಕು. 2014ರ ಐದನೇ ಆವೃತ್ತಿಯ ಮಾರ್ಗದರ್ಶಿ ಒಂದು ದಿನದಲ್ಲಿ ಆರರಿಂದ ಎಂಟು ಕಾದಾಟಗಳಾಗಬಹುದು ಎಂದು ಎಣಿಸುತ್ತದೆ. ಮಾಂತ್ರಿಕನ ಮಂತ್ರಗಳು ಆ ಇಡೀ ದಿನಕ್ಕೆ ಸಾಲಬೇಕು. ಪ್ರತಿ ಕಾದಾಟದ ನಂತರ ಎಂಟು ಗಂಟೆ ಮಲಗಬಹುದಾದರೆ ಮಾಂತ್ರಿಕ ಪ್ರತಿ ಸಲವೂ ಪೂರ್ತಿ ಬತ್ತಳಿಕೆಯೊಂದಿಗೆ ಬರುತ್ತಾನೆ, ದಣಿಯದೆ ಕತ್ತಿ ಬೀಸುವುದೇ ಬಂಡವಾಳವಾಗಿದ್ದ ಯೋಧ ಮಂಕಾಗುತ್ತಾನೆ. ಮೇಜಿನಲ್ಲಿ ಇದನ್ನು ತಡೆಯಲು ಯಾವ ನಿಯಮವೂ ಬೇಕಿಲ್ಲ: "ನೀವು ಮಲಗಿ, ಅಷ್ಟರಲ್ಲಿ ಸೆರೆಯಾಳನ್ನು ಬೇರೆಡೆಗೆ ಸಾಗಿಸುತ್ತಾರೆ" ಎಂದರೆ ಸಾಕು.

ಆಟಗಳು ಇದಕ್ಕೆ ಬಗೆಬಗೆಯ ಉಪಾಯ ಹೂಡಿವೆ. ಹಳೆಯ ಬಾಲ್ಡರ್ಸ್ ಗೇಟ್‌ನಲ್ಲಿ ಮಲಗಿದವರ ಮೇಲೆ ಶತ್ರುಗಳು ಎರಗಬಹುದಿತ್ತು, ಆದರೆ ಸೇವ್ ಮಾಡಿ ಮಲಗುವುದನ್ನು ಎಲ್ಲರೂ ಬೇಗ ಕಲಿತರು. ಸೊಲಾಸ್ಟಾ ನೆಲಮಾಳಿಗೆಗಳಲ್ಲಿ ಗೊತ್ತುಪಡಿಸಿದ ಜಾಗದಲ್ಲಷ್ಟೇ ಬಿಡಾರಕ್ಕೆ ಅವಕಾಶ ಕೊಟ್ಟಿತು, ಕಿಂಗ್‌ಮೇಕರ್ ಕ್ಯಾಲೆಂಡರಿಗೆ ಗಡುವು ಕಟ್ಟಿತು. ಬಾಲ್ಡರ್ಸ್ ಗೇಟ್ 3 ದೀರ್ಘ ವಿಶ್ರಾಂತಿಗೆ 40 ಅಂಕಗಳಷ್ಟು ಆಹಾರ ಕೇಳುತ್ತದೆ, ಆದರೆ ಆಹಾರ ಹೋದಲ್ಲೆಲ್ಲ ಬಿದ್ದಿರುತ್ತದೆ. ಅದಕ್ಕಿಂತ ವಿಚಿತ್ರವೆಂದರೆ, ಜೊತೆಗಾರರ ಕಥೆಯ ಮುಖ್ಯ ದೃಶ್ಯಗಳು ಬಿಡಾರದಲ್ಲಿ ಮಲಗಿದಾಗಲೇ ತೆರೆದುಕೊಳ್ಳುತ್ತವೆ. ಮೇಜಿನ ಅಭ್ಯಾಸದಂತೆ ಜಿಪುಣತನದಿಂದ ಮಲಗುವ ಆಟಗಾರ ಅರ್ಧ ಕಥೆಯನ್ನು ಕಳೆದುಕೊಳ್ಳಬಹುದು. ಇವುಗಳಲ್ಲಿ ನನಗೆ ಪ್ರಾಮಾಣಿಕ ಎನಿಸುವುದು ಸೊಲಾಸ್ಟಾದ ದಾರಿ. ಅದು ಪುಸ್ತಕದಲ್ಲಿಲ್ಲ, ಆದರೆ ಪುಸ್ತಕ ಬಯಸಿದ ಉಳಿತಾಯದ ಬುದ್ಧಿಯನ್ನು ಅದೇ ಕಾಪಾಡುತ್ತದೆ.

ಯಾವ ಮಂತ್ರಗಳನ್ನು ಕೈಬಿಡಬಹುದು?

ಆಟಗಾರನ ಕಲ್ಪನೆಯೇ ಇಂಧನವಾಗಿರುವ ಮಂತ್ರಗಳನ್ನು. ಬೇಕಾದ್ದನ್ನು ಕೋರು ಎನ್ನುವ ವಿಶ್ ಮಂತ್ರವನ್ನು ಪ್ರೋಗ್ರಾಂನಲ್ಲಿ ಬರೆಯಲಾಗದು. ಪಟ್ಟಿಯಿಂದ ಆರಿಸಬೇಕಾದ ಕೋರಿಕೆ ಕೋರಿಕೆಯಲ್ಲ. ಭ್ರಮೆಯ ಮಂತ್ರಗಳೂ ಇದೇ ಗುಂಪಿನವು. ನಾನು ನಡೆಸಿದ ಒಂದು ಆಟದಲ್ಲಿ ಒಬ್ಬರು ಮೈನರ್ ಇಲ್ಯೂಷನ್ ಬಳಸಿ ಕಾರಿಡಾರಿನ ತುದಿಯಲ್ಲಿ ಒಂದು ಬೀರುವನ್ನು ಸೃಷ್ಟಿಸಿ ಅದರೊಳಗೆ ಅಡಗಿ ಕುಳಿತರು. ಕಾವಲುಗಾರನಿಗೆ ಆ ಬೀರು ನಿನ್ನೆ ಅಲ್ಲಿರಲಿಲ್ಲ ಎಂದು ನೆನಪಾಗುವುದೋ ಇಲ್ಲವೋ ಎಂದು ನಾವೆಲ್ಲ ಹತ್ತು ನಿಮಿಷ ವಾದ ಮಾಡಿದೆವು. ಬಾಲ್ಡರ್ಸ್ ಗೇಟ್ 3ರಲ್ಲಿ ಅದೇ ಮಂತ್ರ ಒಂದು ಬೆಕ್ಕನ್ನು ತೋರಿಸಿ ಕಾವಲುಗಾರರ ಗಮನ ಸೆಳೆಯುತ್ತದೆ. ಬಡವಾಯಿತು, ನಿಜ, ಆದರೆ ಕೊಟ್ಟ ಕೆಲಸವನ್ನು ಶುದ್ಧವಾಗಿ ಮಾಡುತ್ತದೆ, ಅದಕ್ಕಿಂತ ಹೆಚ್ಚು ಬಯಸುವುದು ತಪ್ಪಾದೀತು. ಇದಕ್ಕೆ ವಿರುದ್ಧವಾಗಿ ಸತ್ತವರೊಡನೆ ಮಾತಾಡುವ ಮಂತ್ರ ಐದು ಪ್ರಶ್ನೆಗಳ ಮಿತಿಯೊಂದಿಗೆ ಪುಸ್ತಕದಿಂದ ನೇರವಾಗಿ ಬಂದಿದೆ. ಮಿತಿ ಇರುವ ಮಂತ್ರಗಳಿಗೆ ಸಂಭಾಷಣೆ ಬರೆಯುವುದು ಸಾಧ್ಯ. ಆಟ ಹನ್ನೆರಡನೇ ಲೆವೆಲ್‌ಗೆ ನಿಲ್ಲುವುದರಿಂದ ವಿಶ್‌ನಂಥ ದೊಡ್ಡ ಮಂತ್ರಗಳ ಪ್ರಶ್ನೆಯೇ ಏಳುವುದಿಲ್ಲ, ಇದೂ ಒಂದು ಜಾಣತನ.

ನಿಯಮಗಳನ್ನೆಲ್ಲ ಬಿಟ್ಟು ಲೋಕವನ್ನಷ್ಟೇ ತೆಗೆದುಕೊಂಡರೆ?

ತಪ್ಪೇನಿಲ್ಲ, ಆದರೆ ಆ ಲೋಕದ ಜೀವ ಯಾವ ನಿಯಮದಲ್ಲಿತ್ತು ಎಂದು ಮೊದಲು ಹುಡುಕಬೇಕು. 2004ರ ವ್ಯಾಂಪೈರ್: ದ ಮಾಸ್ಕರೇಡ್ – ಬ್ಲಡ್‌ಲೈನ್ಸ್ ತನ್ನ ಮೂಲವಾದ ಮೇಜಿನ ಆಟದ ಹತ್ತು ಮುಖದ ದಾಳಗಳ ರಾಶಿಯನ್ನು ಕಣ್ಣಿಗೆ ಬೀಳದಂತೆ ತೆಗೆದುಹಾಕಿತು. ಮನುಷ್ಯತ್ವದ ಅಂಕವನ್ನು ಮಾತ್ರ ಉಳಿಸಿಕೊಂಡಿತು: ಅಮಾಯಕರನ್ನು ಕೊಂದರೆ ಅದು ಇಳಿಯುತ್ತದೆ, ಇಳಿದಂತೆ ಪಾತ್ರ ಹಿಡಿತ ತಪ್ಪಿ ಮೃಗವಾಗುವುದು ಹೆಚ್ಚುತ್ತದೆ. ಜನರ ಕಣ್ಣೆದುರು ರಕ್ತಪಿಶಾಚಿಯೆಂದು ಐದು ಸಲ ಬಯಲಾದರೆ ಆಟ ಮುಗಿಯಿತು. ದಾಳ ಹೋದರೂ ಆ ಆಟ ತನ್ನ ಮೂಲಕ್ಕೆ ಬಹಳ ಹತ್ತಿರವಾಗಿ ಉಳಿಯಿತು.

ಮೈಕ್ ಪಾಂಡ್‌ಸ್ಮಿತ್ ರೂಪಿಸಿದ, 1988ರಲ್ಲಿ ಮೊದಲು ಪ್ರಕಟವಾದ ಸೈಬರ್‌ಪಂಕ್‌ನಿಂದ ಹುಟ್ಟಿದ 2020ರ ಸೈಬರ್‌ಪಂಕ್ 2077 ಒಂದು ಕಡೆ ಇಂಥದೇ ಜಾಣತನ ತೋರಿತು. ಹಳೆಯ ಮೇಜಿನ ಆಟದಲ್ಲಿ ಒಬ್ಬರು ಕಂಪ್ಯೂಟರ್ ಜಾಲದೊಳಗೆ ನುಗ್ಗಿದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕಿತ್ತು. ವಿಡಿಯೊ ಗೇಮ್ ಅದನ್ನು ಕೆಲವೇ ಸೆಕೆಂಡುಗಳ ಹ್ಯಾಕಿಂಗ್ ಆಗಿ ಇಳಿಸಿತು. ಆದರೆ ದೇಹಕ್ಕೆ ಯಂತ್ರ ಜೋಡಿಸಿದಷ್ಟೂ ಮನುಷ್ಯತ್ವ ಸವೆಯುತ್ತದೆ ಎಂಬ ಪುಸ್ತಕದ ನಿಯಮ ಆಟಗಾರನ ಪಾತ್ರಕ್ಕೆ ಅನ್ವಯಿಸುವುದೇ ಇಲ್ಲ. ಬೀದಿಯಲ್ಲಿ ಹುಚ್ಚೆದ್ದವರನ್ನು ಎದುರಿಸುತ್ತೇವೆ, ನಾವು ಮಾತ್ರ ತಲೆಯಿಂದ ಅಂಗಾಲಿನವರೆಗೆ ಉಕ್ಕು ತುಂಬಿಕೊಂಡು ಆರಾಮವಾಗಿರುತ್ತೇವೆ. ಆ ಲೋಕದ ಎಲ್ಲ ದುರಂತವೂ ಅಡಗಿದ್ದ ನಿಯಮವೇ ಬಿಟ್ಟುಹೋಯಿತು ಎಂಬುದು ನನ್ನ ಕೊರಗು.

ಬಿಟ್ಟದ್ದು ಒಳಿತೇ ಆದ ಕಥೆಯೂ ಇದೆ. 1997ರ ಫಾಲ್‌ಔಟ್ ಮೊದಲು ಗರ್ಪ್ಸ್ ಎಂಬ ಮೇಜಿನ ಆಟದ ನಿಯಮಗಳ ಮೇಲೆ ತಯಾರಾಗುತ್ತಿತ್ತು. ಆ ಪರವಾನಗಿ ಕೈತಪ್ಪಿದಾಗ ತಂಡ ಅವಸರದಲ್ಲಿ ಏಳು ಗುಣಗಳ ಸ್ಪೆಷಲ್ ಎಂಬ ತನ್ನದೇ ಪದ್ಧತಿ ಕಟ್ಟಿಕೊಂಡಿತು, ಇಂದು ಆ ಸರಣಿಯನ್ನು ಅದಿಲ್ಲದೆ ಊಹಿಸಲಾಗದು.

ಪುಸ್ತಕ ಓದದವರು ಇಂಥ ಆಟ ಆಡಬಹುದೇ?

ಆಡಬಹುದು, ಆಟ ತನ್ನ ಲೆಕ್ಕವನ್ನು ತೋರಿಸುವುದಾದರೆ. ಹಳೆಯ ಆಟಗಳ ಥ್ಯಾಕೊ ಎಂಬ ಅಂಕವನ್ನೇ ನೋಡಿ: ಅದು 16 ಇದ್ದು ಎದುರಾಳಿಯ ರಕ್ಷಣೆ 4 ಇದ್ದರೆ, ಒಂದರಿಂದ ಇನ್ನೊಂದನ್ನು ಕಳೆದು 12 ಅಥವಾ ಹೆಚ್ಚು ಬೀಳಬೇಕು, ರಕ್ಷಣೆಯ ಅಂಕ ಇಳಿದಷ್ಟೂ ಕವಚ ಗಟ್ಟಿ. ಇದನ್ನು ಬಾಯಲ್ಲಿ ವಿವರಿಸಿದರೆ ಹೊಸಬರು ಎದ್ದು ಹೋಗುತ್ತಾರೆ. ಅದೇ, ಪರದೆಯ ಮೂಲೆಯಲ್ಲಿ "14 ಬಿತ್ತು, 12 ಬೇಕಿತ್ತು, ತಾಗಿತು" ಎಂಬ ಒಂದು ಸಾಲು ಬಂದರೆ ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ನಿಯಮ ಕಠಿಣವೋ ಸುಲಭವೋ ಎಂಬುದಕ್ಕಿಂತ, ಆ ಸಾಲು ಇದೆಯೋ ಇಲ್ಲವೋ ಎಂಬುದೇ ಹೊಸಬರ ಅನುಭವವನ್ನು ನಿರ್ಧರಿಸುತ್ತದೆ.

ಪರವಾನಗಿಯ ತೊಡಕು ಎಷ್ಟು?

ಮೊದಲಿನಷ್ಟಿಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳ ದಸ್ತಾವೇಜು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿದೆ, ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಬಳಸಬಹುದು. ಅದರಲ್ಲಿಲ್ಲದ ಉಪವರ್ಗಗಳು, ಪ್ರಸಿದ್ಧ ರಾಕ್ಷಸರು, ಲೋಕಗಳು ಮಾತ್ರ ಸಿಗುವುದಿಲ್ಲ.

ವಿಡಿಯೊ ಗೇಮ್‌ಗಳ ಬದಲಾವಣೆ ಪುಸ್ತಕಕ್ಕೂ ಹೋಗುತ್ತದೆಯೇ?

ಯಾವುದು ಯಾವುದರಿಂದ ಬಂತು ಎಂದು ಹೇಳುವುದು ಕಷ್ಟ, ಏಕೆಂದರೆ ಎರಡೂ ಕಡೆಯವರು ಅವೇ ಮೇಜುಗಳಲ್ಲಿ ಆಡಿ ಬೆಳೆದವರು. ಔಷಧದ ಶೀಸೆಯನ್ನು ಬೋನಸ್ ಆಕ್ಷನ್‌ನಲ್ಲಿ ಕುಡಿಯುವುದು ಅನೇಕ ಮೇಜುಗಳಲ್ಲಿ ಮೊದಲಿನಿಂದಲೂ ಇದ್ದ ಸ್ವಂತ ಕಟ್ಟಳೆ. ಬಾಲ್ಡರ್ಸ್ ಗೇಟ್ 3 ಅದನ್ನು ಎತ್ತಿಕೊಂಡಿತು, 2024ರಲ್ಲಿ ಪರಿಷ್ಕರಣೆಗೊಂಡು ಬಂದ ಆಟಗಾರರ ಕೈಪಿಡಿಯಲ್ಲಿ ಅದು ಅಧಿಕೃತ ನಿಯಮವಾಗಿಯೇ ಅಚ್ಚಾಯಿತು. ನನ್ನ ಮೇಜಿನಲ್ಲಿ ಮಾತ್ರ ಒಬ್ಬರು ಈಗಲೂ ಹಳೆಯ ಪುಸ್ತಕ ತೆರೆದು, ಇಡೀ ಆಕ್ಷನ್ ಖರ್ಚಾಗಲೇಬೇಕು ಎಂದು ವಾದಿಸುತ್ತಾರೆ, ಅದೂ ಎದುರಾಳಿ ಔಷಧ ಕುಡಿಯುವಾಗ ಮಾತ್ರ.